ಕಂಬ ನೋಡಿ ನಿಲ್ಲುವ ಊರು

ರಾತ್ರಿ ಹನ್ನೊಂದರ ಹೊತ್ತು. ಜಯನಗರದ ಒಂದು ಸಿಗ್ನಲ್‌ನಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಎಡಬಲದಿಂದ ಒಂದು ವಾಹನವೂ ಬರುತ್ತಿರಲಿಲ್ಲ. ನನ್ನ ಪಕ್ಕಕ್ಕೆ ಬಂದ ಸ್ಕೂಟರ್ ಸವಾರರು ವೇಗ ತಗ್ಗಿಸಿ ಮೊದಲು ಮೇಲೆ ನೋಡಿದರು. ಕಂಬದ ತುದಿಯಲ್ಲಿ ಕ್ಯಾಮೆರಾ ಇತ್ತು. ನಿಂತರು. ಬಿಳಿ ಗೆರೆಯನ್ನು ಒಂದಿಷ್ಟು ದಾಟಿದ್ದ ಮುಂದಿನ ಚಕ್ರವನ್ನು ಕಾಲೂರಿ ಹಿಂದಕ್ಕೆಳೆದು, ಗೆರೆಯ ಈಚೆ ತಂದು, ಒಳ್ಳೆಯ ವಿದ್ಯಾರ್ಥಿಯಂತೆ ಕಾದರು. ಹಸಿರು ಬಿತ್ತು, ಇಬ್ಬರೂ ಹೊರಟೆವು. ಅರ್ಧ ಕಿಲೊಮೀಟರ್ ಆಚೆ ಇನ್ನೊಂದು ಸಿಗ್ನಲ್, ಅಲ್ಲೂ ಕೆಂಪು. ಅವರು ಮತ್ತೆ ತಲೆ ಎತ್ತಿದರು. ಕಂಬವಿತ್ತು, ಕ್ಯಾಮೆರಾ ಇರಲಿಲ್ಲ. ಹೊರಟೇ ಹೋದರು. ಅವರು ತಲೆ ಎತ್ತಿದ್ದು ನನಗೆ ಹೇಗೆ ಗೊತ್ತಾಯಿತೆಂದರೆ, ನಾನೂ ಅಲ್ಲಿಗೇ ನೋಡುತ್ತಿದ್ದೆ.

ತಂತ್ರಜ್ಞಾನ ಮನುಷ್ಯನ ನಡವಳಿಕೆಯನ್ನು ತಿದ್ದಬಲ್ಲದೇ ಎಂದು ಯಾರಾದರೂ ಕೇಳಿದಾಗ ನನಗೆ ಆ ಸ್ಕೂಟರ್ ನೆನಪಾಗುತ್ತದೆ. ಮೊದಲ ಸಿಗ್ನಲ್‌ನಲ್ಲಿ ನಿಂತು ನೋಡಿದವರು ತಿದ್ದಿತು ಎನ್ನುತ್ತಾರೆ, ಎರಡನೆಯದರಲ್ಲಿ ನಿಂತವರು ಎಲ್ಲಿ ತಿದ್ದಿತು ಎಂದು ಕೇಳುತ್ತಾರೆ. ಇದನ್ನು ಪರೀಕ್ಷಿಸಿ ನೋಡಲು ಬೆಂಗಳೂರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಜನರನ್ನು ತಿದ್ದುವ ಆ್ಯಪ್‌ಗಳನ್ನು ಬರೆಯುವವರೂ ಅವುಗಳಿಂದ ತಿದ್ದಿಸಿಕೊಳ್ಳಬೇಕಾದವರೂ ಇಲ್ಲಿ ಒಂದೇ ಸಿಗ್ನಲ್‌ನಲ್ಲಿ ನಿಂತು ಒಂದೇ ಹೊಗೆ ಕುಡಿಯುತ್ತಾರೆ. ಸುಮಾರು ಎರಡು ದಶಕಗಳಿಂದ ನಮಗೆ ಗೊತ್ತಿದ್ದೂ ಗೊತ್ತಿಲ್ಲದೆಯೂ ನಮ್ಮ ಮೇಲೆ ಹಲವು ಪ್ರಯೋಗಗಳು ನಡೆದಿವೆ. ಅವುಗಳನ್ನು ಒಂದೆಡೆ ಇಟ್ಟು ನೋಡಿದರೆ ಯಂತ್ರಗಳು ನಮ್ಮನ್ನು ಬದಲಿಸಿರುವುದರಲ್ಲಿ ಅನುಮಾನ ಉಳಿಯುವುದಿಲ್ಲ. ಯಂತ್ರದ ಮುಖವನ್ನು ನಾವು ಯಾರ ಕಡೆಗೆ ತಿರುಗಿಸಿಟ್ಟಿದ್ದೇವೆ ಎಂಬ ಅನುಮಾನ ಮಾತ್ರ ಬೆಳೆಯುತ್ತಾ ಹೋಗುತ್ತದೆ.

ಮೊದಲು ಕ್ಯಾಮೆರಾದ ಮಾತು. 2022ರ ಡಿಸೆಂಬರ್‌ನಲ್ಲಿ ನಗರದ 50 ಜಂಕ್ಷನ್‌ಗಳಲ್ಲಿ ಹೊಸ ಸಂಚಾರ ನಿರ್ವಹಣಾ ವ್ಯವಸ್ಥೆ ಜಾರಿಗೆ ಬಂತು. ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳು, ಕೆಂಪು ದೀಪ ದಾಟುವವರನ್ನು ಹಿಡಿಯುವ 80 ಕ್ಯಾಮೆರಾಗಳು. ಹೆಲ್ಮೆಟ್ ಇಲ್ಲದಿದ್ದರೆ, ಮೂವರು ಕುಳಿತಿದ್ದರೆ, ಸೀಟ್ ಬೆಲ್ಟ್ ಹಾಕದಿದ್ದರೆ, ಗೆರೆ ದಾಟಿದರೆ ಚಿತ್ರ ಸಮೇತ ಮೊಬೈಲ್‌ಗೆ ಸಂದೇಶ ಬರುತ್ತದೆ. ಇದರ ಒಂದು ಲಾಭವನ್ನು ನಾವು ಸಾಕಷ್ಟು ಗುರುತಿಸಿಲ್ಲ. ಮೊದಲು ತಿರುವಿನ ಮರದ ಹಿಂದೆ ನಿಂತ ಪೊಲೀಸರು ಹಠಾತ್ತನೆ ಅಡ್ಡ ಬರುತ್ತಿದ್ದರು, ಕೀಲಿ ಕಿತ್ತುಕೊಳ್ಳುತ್ತಿದ್ದರು, ಆಮೇಲೆ ರಸೀದಿ ಬೇಕೋ ಬೇಡವೋ ಎಂಬ ಸಂಧಾನ ನಡೆಯುತ್ತಿತ್ತು. ಕ್ಯಾಮೆರಾ ಜತೆ ಸಂಧಾನವಿಲ್ಲ. ಅದಕ್ಕೆ ಶಾಸಕರ ಕಡೆಯವರು, ಪತ್ರಕರ್ತರು, ಇಲಾಖೆಯಲ್ಲಿ ಭಾವಮೈದುನ ಇರುವವರು ಎಂಬ ಭೇದ ಗೊತ್ತಿಲ್ಲ. ಅಂದರೆ ಆ ಯಂತ್ರ ಸವಾರನನ್ನು ಎಷ್ಟು ತಿದ್ದಿತೋ, ದಂಡ ಹಾಕುವವರನ್ನೂ ಅಷ್ಟೇ ತಿದ್ದಿತು. ಎರಡನೆಯದು ಹೆಚ್ಚಿನ ಸಾಧನೆ ಎಂದು ನನಗನ್ನಿಸುತ್ತದೆ.

ಆದರೆ ಯಂತ್ರ ಏನನ್ನು ನೋಡುತ್ತದೋ ಅಷ್ಟನ್ನೇ ಜನ ತೋರಿಸುತ್ತಾರೆ. ಕ್ಯಾಮೆರಾಗೆ ಕಾಣಬೇಕಾದ್ದು ತಲೆಯ ಮೇಲೊಂದು ಉರುಟಾದ ವಸ್ತು. ಹಾಗಾಗಿ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಅರ್ಧ ಹೆಲ್ಮೆಟ್‌ಗಳಿಗೆ ಇಷ್ಟು ಗಿರಾಕಿ. ಬಿದ್ದರೆ ಅದು ಬುರುಡೆಯನ್ನು ಕಾಪಾಡುವುದಿಲ್ಲ, ದಂಡದಿಂದ ಮಾತ್ರ ಕಾಪಾಡುತ್ತದೆ. ಗಲ್ಲದ ಪಟ್ಟಿ ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ಹಿಂಬದಿ ಸವಾರರು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಜಂಕ್ಷನ್ ಬಂದಾಗ ತಲೆಗೇರಿಸಿ, ದಾಟಿದ ಮೇಲೆ ಇಳಿಸುತ್ತಾರೆ. ದೇವಸ್ಥಾನದ ಮುಂದೆ ಹಾದುಹೋಗುವಾಗ ಕೈ ಮುಗಿಯುವ ಅಭ್ಯಾಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ನಂಬರ್ ಪ್ಲೇಟಿಗೆ ಮಾಸ್ಕ್ ತೊಡಿಸುವುದು, ಪ್ಲೇಟನ್ನೇ ಮೇಲಕ್ಕೆ ಮಡಚುವುದು ಇವೆಲ್ಲ ಕ್ಯಾಮೆರಾ ಬಂದ ಮೇಲೆ ಹುಟ್ಟಿದ ಕರಕುಶಲ ಕಲೆಗಳು.

ದಂಡದ ಕಥೆ ಇನ್ನೂ ಸ್ವಾರಸ್ಯಕರ. ಸಂದೇಶಗಳು ಬಂದವು, ಯಾರೂ ಕಟ್ಟಲಿಲ್ಲ, ಬಾಕಿ ಬೆಟ್ಟವಾಗಿ ಬೆಳೆಯಿತು. 2023ರ ಫೆಬ್ರವರಿಯಲ್ಲಿ ಅರ್ಧ ದಂಡ ಕಟ್ಟಿದರೆ ಸಾಕೆಂದು ಸರ್ಕಾರ ರಿಯಾಯಿತಿ ಕೊಟ್ಟಿತು. ಜನ ಠಾಣೆಗಳ ಮುಂದೆ ಸಾಲುಗಟ್ಟಿದರು, ಒಂಬತ್ತು ದಿನಗಳಲ್ಲಿ ಬೆಂಗಳೂರಿನಲ್ಲೇ 100 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. 2025ರಲ್ಲಿ ಮತ್ತೆ ಅದೇ ಐವತ್ತು ಶೇಕಡ. ಖಜಾನೆಯ ಲೆಕ್ಕದಲ್ಲಿ ಇದು ಯಶಸ್ಸೇ ಇರಬಹುದು. ಸವಾರ ಕಲಿತ ಪಾಠ ಮಾತ್ರ ಬೇರೆ: ಸೀರೆಗೆ ಆಷಾಢದ ರಿಯಾಯಿತಿ ಇರುವಂತೆ ಸಿಗ್ನಲ್ ದಾಟಿದ್ದಕ್ಕೂ ಇದೆ, ತಾಳ್ಮೆ ಬೇಕಷ್ಟೆ. ಕ್ಯಾಮೆರಾ ಕ್ಷಣಾರ್ಧದಲ್ಲಿ ತಪ್ಪು ಹಿಡಿಯುತ್ತದೆ, ಅದರ ಹಿಂದಿರುವ ವ್ಯವಸ್ಥೆ ಎರಡು ವರ್ಷ ಬಿಟ್ಟು ಅರ್ಧ ಕ್ಷಮಿಸುತ್ತದೆ. ತಪ್ಪು ಮತ್ತು ಶಿಕ್ಷೆಯ ನಡುವೆ ಇಷ್ಟು ಅಂತರವಿದ್ದರೆ ಮಗುವೂ ಪಾಠ ಕಲಿಯುವುದಿಲ್ಲ.

ಬೆದರಿಕೆಯ ಬದಲು ಆಸೆ ತೋರಿಸಿದರೆ ಹೇಗೆ? ಅದನ್ನೂ ಈ ಊರಿನಲ್ಲಿ ಮಾಡಿ ನೋಡಿದ್ದಾರೆ. 2008ರ ಅಕ್ಟೋಬರ್‌ನಿಂದ 2009ರ ಏಪ್ರಿಲ್‌ವರೆಗೆ ಇನ್ಫೊಸಿಸ್‌ನ ಬೆಂಗಳೂರು ಆವರಣದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಸುಮಾರು 14,000 ಉದ್ಯೋಗಿಗಳು. ದಟ್ಟಣೆಗೆ ಮುಂಚೆಯೇ ಬಂದು ಗೇಟಿನಲ್ಲಿ ಕಾರ್ಡ್ ಉಜ್ಜಿದವರಿಗೆ ಅಂಕ, ಅಂಕ ಕೂಡಿಸಿದವರಿಗೆ ವಾರಕ್ಕೊಮ್ಮೆ ಲಾಟರಿ. ಎಲ್ಲರಿಗೂ ಸಮನಾಗಿ ಹಂಚಿದ್ದರೆ ತಲೆಗೆ ಒಂದು ಕಾಫಿಯ ದುಡ್ಡೂ ಬರುತ್ತಿರಲಿಲ್ಲ, ಅದಕ್ಕಾಗಿ ಯಾರೂ ಬೆಳಗಿನ ನಿದ್ದೆ ಬಿಡುವುದಿಲ್ಲ. ಅದೇ ಹಣವನ್ನು ಬಹುಮಾನವಾಗಿಸಿದಾಗ ಬಿಟ್ಟರು. ಬೇಗ ಬರುವವರ ಸಂಖ್ಯೆ ದುಪ್ಪಟ್ಟಾಯಿತು. ಕಂಪನಿ ಬಸ್ಸಿನ ಬೆಳಗಿನ ಪ್ರಯಾಣದ ಸರಾಸರಿ 71 ನಿಮಿಷದಿಂದ 54 ನಿಮಿಷಕ್ಕೆ ಇಳಿಯಿತು. ಹೊಸ ರಸ್ತೆಯಿಲ್ಲ, ಹೊಸ ಬಸ್ಸಿಲ್ಲ. ಇದ್ದ ಗುರುತಿನ ಚೀಟಿ ಮತ್ತು ಒಂದಿಷ್ಟು ಲೆಕ್ಕಾಚಾರ. ಇದು ನಡವಳಿಕೆಯನ್ನು ಬದಲಿಸಿದ ತಂತ್ರಜ್ಞಾನ ಎಂದು ಒಪ್ಪಲು ನನಗೆ ಯಾವ ಸಂಕೋಚವೂ ಇಲ್ಲ.

ಕಂಪನಿಯ ಗೇಟಿನೊಳಗೆ ಆದದ್ದು ಇಡೀ ಊರಿಗೆ ಆಗುತ್ತದೆಯೇ? 2017ರಲ್ಲಿ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಕ್ರೈಂಡ್ಲರ್ ಇಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ದಕ್ಷಿಣ ಬೆಂಗಳೂರಿನ ಪೆಟ್ರೋಲ್ ಬಂಕ್‌ಗಳಲ್ಲಿ ಸವಾರರನ್ನು ಮಾತಿಗೆಳೆದು, ಅವರ ಮೊಬೈಲ್‌ಗೆ ಪಯಣ ದಾಖಲಿಸುವ ಆ್ಯಪ್ ಹಾಕಿಸಿ, ದಟ್ಟಣೆಯ ಹೊತ್ತಿನಲ್ಲಿ ಹೊರಟರೆ ಶುಲ್ಕ ಬೀಳುವಂತೆ ಮಾಡಿದರು. ಜನ ಬದಲಾದರು, ಬೆಳಿಗ್ಗೆ ಒಂದಿಷ್ಟು ಮೊದಲೇ ಹೊರಟರು. ಆದರೆ ಇಡೀ ನಗರಕ್ಕೆ ಈ ಶುಲ್ಕ ಹಾಕಿದರೆ ಎಷ್ಟು ಲಾಭ ಎಂದು ಲೆಕ್ಕ ಹಾಕಿದಾಗ ಅದು ತೀರಾ ಅಲ್ಪವೆಂದು ಕಂಡುಬಂತು. ಕಾರಣ ನಮ್ಮ ರಸ್ತೆಗಳ ಸ್ವಭಾವದಲ್ಲಿದೆ. ಕೆಲವು ನಗರಗಳಲ್ಲಿ ವಾಹನಗಳು ಒಂದು ಮಿತಿ ದಾಟಿದೊಡನೆ ರಸ್ತೆ ಒಮ್ಮೆಲೇ ಕಟ್ಟಿಕೊಳ್ಳುತ್ತದೆ, ಅಲ್ಲಿ ಸ್ವಲ್ಪ ಜನ ಸಮಯ ಬದಲಿಸಿದರೂ ದೊಡ್ಡ ಪರಿಹಾರ. ಬೆಂಗಳೂರಿನಲ್ಲಿ ವಾಹನ ಹೆಚ್ಚಿದಂತೆಲ್ಲ ನಿಧಾನವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಾ ಹೋಗುತ್ತದೆ. ಅಂದರೆ ಜನ ತಿದ್ದಿಕೊಂಡರೂ ಊರು ತಿದ್ದಿಕೊಳ್ಳುವುದಿಲ್ಲ. ಹತ್ತು ನಿಮಿಷ ಮುಂಚೆ ಎದ್ದವರ ತ್ಯಾಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ಕರಗಿಹೋಗುತ್ತದೆ.

ಇನ್ಫೊಸಿಸ್ ಆವರಣ ಇರುವ ಎಲೆಕ್ಟ್ರಾನಿಕ್ ಸಿಟಿ ದಾರಿಗೆ 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೊ ಬಂತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೊಮೀಟರ್. ಕಾರು ಬಿಟ್ಟು ಬನ್ನಿ ಎಂದು ಯಾವ ಆ್ಯಪೂ ಪುಸಲಾಯಿಸಬೇಕಾಗಲಿಲ್ಲ, ಮೊದಲ ದಿನದಿಂದಲೇ ಜನ ಬಂದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಲೂ ಹಾಗೆಯೇ. ಬಸ್ಸಿನ ಬಗ್ಗೆ ಹೆಂಗಸರ ಮನೋಭಾವ ಬದಲಿಸಲು ಯಾರೂ ಅಭಿಯಾನ ನಡೆಸಲಿಲ್ಲ. ಟಿಕೆಟ್ ಯಂತ್ರದಿಂದ ಶೂನ್ಯ ದರದ ಒಂದು ಚೀಟಿ ಬಂತು, ಅಷ್ಟೇ. ಜನರ ಗುಣದೋಷ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಪಾಲು ಬರೀ ದುಡ್ಡಿನ ಮತ್ತು ಹೊತ್ತಿನ ಲೆಕ್ಕವಾಗಿರುತ್ತದೆ.

ಗೃಹಜ್ಯೋತಿಯ ವಿಷಯದಲ್ಲಿ ಇದನ್ನು ನನ್ನ ಮನೆಯಲ್ಲೇ ನೋಡುತ್ತೇನೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹೀಗಾಗಿ ತಿಂಗಳ ಕೊನೆಯ ವಾರ ನನ್ನ ಅತ್ತೆ ಟಾರ್ಚ್ ಹಿಡಿದು ಮೆಟ್ಟಿಲ ಕೆಳಗಿನ ಮೀಟರ್ ನೋಡಿ ಬರುತ್ತಾರೆ, ಬಂದವರೇ ಗೀಸರ್ ಆರಿಸುತ್ತಾರೆ. ಮೂವತ್ತು ವರ್ಷ ಅದೇ ಗೋಡೆಯಲ್ಲಿದ್ದ ಮೀಟರಿಗೆ ಮೊದಲ ಸಲ ಓದುಗರು ಸಿಕ್ಕಿದ್ದಾರೆ.

ನಮ್ಮ ಕಾಲದಲ್ಲಿ ಜನರ ನಡವಳಿಕೆಯನ್ನು ಬುಡಸಮೇತ ಬದಲಿಸಿದ್ದು ಯಾವುದು ಎಂದರೆ ನಾನು ಬೆರಳು ತೋರಿಸುವುದು ಕ್ಯೂಆರ್ ಕೋಡಿನ ಕಡೆಗೆ. ಚಿಲ್ಲರೆ ಎಂಬುದು ಈ ಊರಿನ ನಿತ್ಯದ ಜಗಳವಾಗಿತ್ತು. ಬೇಕರಿಯಲ್ಲಿ ಎರಡು ರೂಪಾಯಿ ಬದಲು ಎರಡು ಚಾಕಲೇಟು. ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟಿನ ಹಿಂದೆ ಪೆನ್ನಿನಿಂದ ಬಾಕಿ ಬರೆದು ಕೊಡುತ್ತಿದ್ದರು. ಇಳಿಯುವ ಗಡಿಬಿಡಿಯಲ್ಲಿ ಅದನ್ನು ಮರೆತವರು ಎಷ್ಟು ಮಂದಿಯೋ. ಜಗಳದಲ್ಲಿ ಇಬ್ಬರೂ ಕೆಟ್ಟವರಾಗಿರಲಿಲ್ಲ, ಇಬ್ಬರ ಬಳಿಯೂ ನಾಣ್ಯವಿರಲಿಲ್ಲ. 2016ರಲ್ಲಿ ಬಂದ ಯುಪಿಐ ಆ ಜಗಳದ ಕಾರಣವನ್ನೇ ತೆಗೆದುಹಾಕಿತು. ಎಳನೀರು ಮಾರುವವರು, ಹೂವಿನ ಮೊಳ ಅಳೆಯುವವರು, ಚುರುಮುರಿ ಗಾಡಿಯವರು ಎಲ್ಲರೂ ಒಂದು ರಟ್ಟಿನ ತುಂಡನ್ನು ನೇತುಹಾಕಿದರು. ಯಾರನ್ನೂ ಪ್ರಾಮಾಣಿಕರನ್ನಾಗಿ ಮಾಡುತ್ತೇನೆಂದು ಅದು ಹೊರಟಿರಲಿಲ್ಲ. ಕೊಡುವವರಿಗೂ ಪಡೆಯುವವರಿಗೂ ಅನುಕೂಲವಾಯಿತು, ಅದರ ಬೆನ್ನಿಗೆ ಒಂದಿಷ್ಟು ಪ್ರಾಮಾಣಿಕತೆಯೂ ತಾನಾಗಿ ಬಂತು.

ಆಮೇಲೆ 2025ರ ಜುಲೈ ಬಂತು. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ವರ್ಷಕ್ಕೆ ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ವಹಿವಾಟು ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಿರಬೇಕಿತ್ತು ಎಂಬುದು ಇಲಾಖೆಯ ವಾದ. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಹಲವು ವರ್ಷಗಳ ಬಾಕಿಯನ್ನು ಒಟ್ಟಿಗೆ ಕೇಳಿದ ಕಾಗದ ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿಗಳ ಎದೆ ನಡುಗಿಸಿತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಗಿತ್ತು. ಒಂದೇ ವಾರದಲ್ಲಿ ಗಲ್ಲಾಪೆಟ್ಟಿಗೆಯ ಮೇಲಿದ್ದ ರಟ್ಟುಗಳು ಕೆಳಗಿಳಿದವು, ಅದೇ ಮೊಳೆಗೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಕಾಗದ ಬಂತು. ನಮ್ಮ ಬೀದಿಯ ಬೇಕರಿಯವರು ಆ ಕಾಗದವನ್ನು ಹಳೆಯ ಕ್ಯೂಆರ್ ಫಲಕದ ಮೇಲೆಯೇ ಅಂಟಿಸಿದ್ದರು, ಪಕ್ಕದಲ್ಲಿ ಚಾಕಲೇಟಿನ ಡಬ್ಬಿ ಮರಳಿ ಬಂದಿತ್ತು. “ಇಷ್ಟು ದಿನ ಇದು ನಮ್ಮ ಗಲ್ಲಾ ಅಂದುಕೊಂಡಿದ್ದೆವು ಸಾರ್, ಈಗ ನೋಡಿದರೆ ಅವರ ಕಣ್ಣು” ಎಂದರು. ಮುಷ್ಕರದ ಮಾತು ಕೇಳಿಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕರೆದು ಮಾತನಾಡಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ ಎಂದ ಮೇಲೆ ಗಾಳಿ ತಣ್ಣಗಾಯಿತು.

ಆ ವಾರವನ್ನು ನಾನು ಆಗಾಗ ನೆನೆಯುತ್ತೇನೆ. ಆ ದಿನಗಳಲ್ಲಿ ಯುಪಿಐ ತಂತ್ರಾಂಶದ ಒಂದು ಸಾಲೂ ಬದಲಾಗಿರಲಿಲ್ಲ. ಬದಲಾದದ್ದು ಅದನ್ನು ಹಿಡಿದ ಕೈಯ ಮೇಲಿನ ನಂಬಿಕೆ. ಎಂಟೊಂಬತ್ತು ವರ್ಷ ಬೆಳೆದ ಅಭ್ಯಾಸ ಎಂಟು ದಿನದಲ್ಲಿ ಸಡಿಲವಾಯಿತು. ತೆರಿಗೆ ತಪ್ಪಿಸುವವರನ್ನು ನಾನು ಸಮರ್ಥಿಸುತ್ತಿಲ್ಲ. ಚಿಲ್ಲರೆ ಕೊಡಲೆಂದು ಒಳಗೆ ಕರೆದುಕೊಂಡ ಯಂತ್ರ ಒಂದು ದಿನ ಸಾಕ್ಷಿ ಹೇಳಲು ನಿಂತರೆ, ಮುಂದಿನ ಯಂತ್ರವನ್ನು ಜನ ಹೊಸಿಲಲ್ಲೇ ನಿಲ್ಲಿಸಿ ಮಾತನಾಡಿಸುತ್ತಾರೆ.

ಆಟೊ ಕಥೆಯಲ್ಲಿ ತಿರುವು ಬೇರೆ ಥರ. ಮೀಟರೂ ಒಂದು ತಂತ್ರಜ್ಞಾನವೇ, ಸರ್ಕಾರಿ ಮುದ್ರೆ ಹಾಕಿಸಿಕೊಂಡದ್ದು. ಅದು ದಶಕಗಳಿಂದ ಆಟೊದಲ್ಲಿದೆ, ‘ಮೀಟರ್ ಮೇಲೆ ಇಪ್ಪತ್ತು ಕೊಡಿ’ ಎಂಬ ಮಾತೂ ಅಷ್ಟೇ ಕಾಲದಿಂದ ಇದೆ. 2025ರ ಆಗಸ್ಟ್‌ನಲ್ಲಿ ಮೊದಲ ಎರಡು ಕಿಲೊಮೀಟರ್‌ಗೆ 36 ರೂಪಾಯಿ, ಆಮೇಲೆ ಕಿಲೊಮೀಟರ್‌ಗೆ 18 ಎಂದು ದರ ಪರಿಷ್ಕರಣೆಯಾಯಿತು. ಆ ದರದಲ್ಲಿ ಆಟೊ ಹತ್ತಿದವರನ್ನು ನಾನಿನ್ನೂ ಹುಡುಕುತ್ತಿದ್ದೇನೆ. ಆ್ಯಪ್‌ಗಳು ಬಂದಾಗ ದರ ಪರದೆಯ ಮೇಲೆ ಬಂತು, ರಸ್ತೆಬದಿಯ ಚೌಕಾಸಿ ನಿಂತಿತು ಎಂದು ಎಲ್ಲರೂ ಹಿಗ್ಗಿದೆವು. ಆಮೇಲೆ ಅದೇ ಪರದೆಯಲ್ಲಿ, ಹತ್ತೋ ಇಪ್ಪತ್ತೋ ಮೂವತ್ತೋ ಸೇರಿಸಿದರೆ ಬೇಗ ಆಟೊ ಸಿಗಬಹುದು ಎಂಬ ಗುಂಡಿಗಳು ಮೂಡಿದವು. ಸೇವೆ ಪಡೆಯುವ ಮೊದಲೇ ಟಿಪ್ ಕೇಳುವುದು ಅನೈತಿಕ ಎಂದು 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಆಕ್ಷೇಪಿಸಿದರು, ಗ್ರಾಹಕ ರಕ್ಷಣಾ ಪ್ರಾಧಿಕಾರದ ನೋಟಿಸೂ ಹೊರಟಿತು. ಚಾಲಕರ ಬಾಯಿಂದ ಬರುತ್ತಿದ್ದ ಇಪ್ಪತ್ತು ಈಗ ನಮ್ಮ ಬೆರಳಿನಿಂದಲೇ ಹೊರಡುತ್ತದೆ. ಮೊದಲು ಜಗಳವಾಡುತ್ತಿದ್ದೆವು, ಈಗ ನಾವೇ ಹರಾಜು ಕೂಗುತ್ತೇವೆ. ಎಂಜಿನಿಯರುಗಳು ಇದನ್ನು ಘರ್ಷಣೆ ಕಡಿಮೆ ಮಾಡುವುದು ಎನ್ನುತ್ತಾರಂತೆ.

ನೀರಿನ ವಿಷಯದಲ್ಲಿ ನಾನು ಒಂದಿಷ್ಟು ಆಶಾವಾದಿ. ನಮ್ಮದು ನಲವತ್ತು ಮನೆಗಳ ವಸತಿ ಸಮುಚ್ಚಯ. ನೀರಿನ ಖರ್ಚನ್ನು ಎಲ್ಲರಿಗೂ ಸಮನಾಗಿ ಹಂಚುತ್ತಿದ್ದೆವು, ಹಾಗಾಗಿ ಉಳಿಸಿದವರಿಗೆ ಲಾಭವಿಲ್ಲ, ಸುರಿದವರಿಗೆ ನಷ್ಟವಿಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ದರ ಏರಿದ ಮೇಲೆ ಮನೆಗೊಂದು ಮೀಟರ್ ಹಾಕಿಸಿದೆವು. ಮೊದಲ ತಿಂಗಳ ಪಟ್ಟಿ ಬಂದಾಗ ಅತಿ ಹೆಚ್ಚು ನೀರು ಬಳಸಿದ್ದು ಮೂರನೇ ಮಹಡಿಯ ನಿವೃತ್ತ ಮೇಷ್ಟ್ರ ಮನೆ. ಪ್ರತಿ ಸಭೆಯಲ್ಲೂ ನೀರಿನ ಮಹತ್ವದ ಬಗ್ಗೆ ಭಾಷಣ ಮಾಡುತ್ತಿದ್ದವರು ಅವರೇ. ಪ್ಲಂಬರ್ ಬಂದು ನೋಡಿದರೆ ಕಮೋಡಿನ ಫ್ಲಶ್ ಸೋರುತ್ತಿತ್ತು, ಸದ್ದಿಲ್ಲದೆ, ಹಗಲಿರುಳು. ಮೀಟರ್ ಅವರ ಮನಸ್ಸನ್ನೇನೂ ಬದಲಿಸಲಿಲ್ಲ, ಆ ಮನಸ್ಸು ಮೊದಲೇ ಒಳ್ಳೆಯದಿತ್ತು. ಕಾಣದ್ದನ್ನು ಕಾಣಿಸಿತು.

ಮುಂದೆ ಒಂದು ಎಡವಟ್ಟು ಮಾಡಿಕೊಂಡೆವು. ಯಾರ ಮನೆ ಎಷ್ಟು ಎಂಬ ಪಟ್ಟಿಯನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದೆವು. ಹೆಚ್ಚು ಬಳಸುವವರು ನಾಚಿ ಕಡಿಮೆ ಮಾಡಿದರು. ಕಡಿಮೆ ಬಳಸುತ್ತಿದ್ದವರು, ಓಹೋ ನಾವೇ ದಡ್ಡರು ಎಂದುಕೊಂಡು ಹೆಚ್ಚಿಸಿದರು. ಇದು ಹೊಸದೇನಲ್ಲ ಎಂದು ಆಮೇಲೆ ತಿಳಿಯಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಎಂಬ ಊರಿನಲ್ಲಿ ವಿದ್ಯುತ್ ಬಳಕೆಯ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಆಗಿತ್ತು. ನೆರೆಯವರ ಸರಾಸರಿ ತಿಳಿಸಿದಾಗ ಕಡಿಮೆ ಬಳಸುವವರು ಮೇಲೇರಿದರು. ಅವರ ಚೀಟಿಯಲ್ಲಿ ಒಂದು ನಗುಮುಖ ಬರೆದು ಕೊಟ್ಟಾಗ ಏರಲಿಲ್ಲ. ಮೆಚ್ಚುಗೆ ಬೇಕಿತ್ತು, ಅಷ್ಟೇ. ನಮ್ಮ ಗುಂಪಿನಲ್ಲಿ ಆ ಕೆಲಸವನ್ನು ಕಾರ್ಯದರ್ಶಿಯವರ ಹೆಂಡತಿ ವಹಿಸಿಕೊಂಡಿದ್ದಾರೆ, ಪ್ರತಿ ತಿಂಗಳು ಅತಿ ಕಡಿಮೆ ಬಳಸಿದ ಐದು ಮನೆಗಳಿಗೆ ಹೂಗುಚ್ಛದ ಚಿತ್ರ ಕಳಿಸುತ್ತಾರೆ. ಕೆಲಸ ಮಾಡುತ್ತಿದೆ.

ಅದೇ 2024ರ ಮಾರ್ಚ್‌ನಲ್ಲಿ ಜಲಮಂಡಳಿ ಎರಡು ಕೆಲಸ ಮಾಡಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ, ಗಿಡಕ್ಕೆ ಹಾಕಿದವರಿಗೆ 5,000 ರೂಪಾಯಿ ದಂಡ ಎಂದಿತು. ಮೊದಲ ಕೆಲವು ದಿನಗಳಲ್ಲಿ 22 ಮನೆಗಳಿಂದ 1.1 ಲಕ್ಷ ರೂಪಾಯಿ ವಸೂಲಾಯಿತು. ಒಂದೂಕಾಲು ಕೋಟಿಗೂ ಹೆಚ್ಚು ಜನರಿರುವ ಊರಿನಲ್ಲಿ 22 ಮನೆ! ಎರಡನೆಯದು, ವಾಣಿಜ್ಯ ಕಟ್ಟಡ, ಹೋಟೆಲು, ದೊಡ್ಡ ವಸತಿ ಸಮುಚ್ಚಯಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತು. ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ತೆಳ್ಳಗೆ ಮಾಡುವ ಒಂದು ಜಾಳಿಗೆ, ಹೆಬ್ಬೆರಳಿನ ಗಾತ್ರದ್ದು. ಅದನ್ನು ಹಾಕಿದ ಮೇಲೆ ದರ್ಶಿನಿಯಲ್ಲಿ ಕೈ ತೊಳೆಯುವವರು ಮೊದಲಿನಷ್ಟೇ ಅಜಾಗರೂಕರಾಗಿ ನಲ್ಲಿ ತಿರುಗಿಸಬಹುದು, ನೀರು ಮಾತ್ರ ಕಡಿಮೆ ಹೋಗುತ್ತದೆ. ಇಲ್ಲಿ ನಡವಳಿಕೆ ಬದಲಾಗಲೇ ಇಲ್ಲ, ಬದಲಾಗುವ ಅಗತ್ಯವೇ ಬೀಳಲಿಲ್ಲ. ನನಗೆ ಅತಿ ಹೆಚ್ಚು ಗೌರವ ಇರುವುದು ಈ ಬಗೆಯ ತಂತ್ರಜ್ಞಾನದ ಮೇಲೆ. ಅದು ನನಗೆ ಉಪದೇಶ ಮಾಡುವುದಿಲ್ಲ, ನನ್ನ ಫೋಟೊ ತೆಗೆಯುವುದಿಲ್ಲ.

ಬೆಂಗಳೂರಿನಲ್ಲೇ ಈ ಪ್ರಶ್ನೆಯ ಜತೆ ವರ್ಷಗಟ್ಟಲೆ ಹೆಣಗಿದವರು ಕೆಂಟಾರೊ ಟೊಯಾಮ. 2005ರಲ್ಲಿ ಇಲ್ಲಿ ಶುರುವಾದ ಮೈಕ್ರೊಸಾಫ್ಟ್ ಸಂಶೋಧನಾ ಕೇಂದ್ರದಲ್ಲಿದ್ದುಕೊಂಡು, ಬಡತನ ಮತ್ತು ಶಿಕ್ಷಣಕ್ಕೆ ಕಂಪ್ಯೂಟರ್ ಏನು ಮಾಡಬಲ್ಲದು ಎಂದು ಹುಡುಕಿದರು. ಒಂದು ಕಂಪ್ಯೂಟರಿಗೆ ಮಕ್ಕಳೆಲ್ಲ ಮುತ್ತಿಕೊಂಡು, ಮೌಸ್ ಮಾತ್ರ ಜೋರಿನ ಒಬ್ಬ ಹುಡುಗನ ಕೈಯಲ್ಲಿರುವುದನ್ನು ಕಂಡು, ಒಂದೇ ಪರದೆಗೆ ಹಲವು ಮೌಸ್ ಜೋಡಿಸಿದ ತಂಡ ಅವರದು. ವರ್ಷಗಳ ಕೆಲಸದ ನಂತರ ಅವರು ತಲುಪಿದ ತೀರ್ಮಾನ ಕಂಪ್ಯೂಟರ್ ಕಂಪನಿಯಲ್ಲಿದ್ದವರಿಂದ ನಿರೀಕ್ಷಿಸುವಂಥದ್ದಲ್ಲ: ತಂತ್ರಜ್ಞಾನ ಇರುವ ಉದ್ದೇಶವನ್ನು, ಇರುವ ಸಾಮರ್ಥ್ಯವನ್ನು ಹಿಗ್ಗಿಸುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಒಳ್ಳೆಯ ಮೇಷ್ಟ್ರಿದ್ದ ಶಾಲೆಗೆ ಕಂಪ್ಯೂಟರ್ ವರ. ಮೇಷ್ಟ್ರೇ ಬಾರದ ಶಾಲೆಯಲ್ಲಿ ಅದರ ಮೇಲೊಂದು ಬಟ್ಟೆ ಮುಚ್ಚಿರುತ್ತದೆ.

ಅದೇ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು ಆರಂಭಿಸಿದ ಡಿಜಿಟಲ್ ಗ್ರೀನ್ ಇನ್ನೊಂದು ಪಾಠ ಹೇಳುತ್ತದೆ. ಕೃಷಿ ವಿಧಾನಗಳ ವಿಡಿಯೊ ಮಾಡಿ ಹಳ್ಳಿಯಲ್ಲಿ ತೋರಿಸುವುದು ಯೋಜನೆ. ಕರ್ನಾಟಕದ 16 ಹಳ್ಳಿಗಳಲ್ಲಿ 13 ತಿಂಗಳು ನಡೆದ ಪ್ರಯೋಗದಲ್ಲಿ, ಹಳೆಯ ಪದ್ಧತಿಯ ಕೃಷಿ ವಿಸ್ತರಣೆಗೆ ಹೋಲಿಸಿದರೆ ಕೆಲವು ವಿಧಾನಗಳನ್ನು ಅಳವಡಿಸಿಕೊಂಡವರು ಏಳು ಪಟ್ಟು ಹೆಚ್ಚಾದರು. ಆದರೆ ಆ ವಿಡಿಯೊದಲ್ಲಿ ಇದ್ದದ್ದು ಪ್ಯಾಂಟು ಹಾಕಿದ ತಜ್ಞರಲ್ಲ, ಅಕ್ಕಪಕ್ಕದ ರೈತರೇ. ನಡುನಡುವೆ ವಿಡಿಯೊ ನಿಲ್ಲಿಸಿ ಮಾತಿಗೆ ಎಳೆಯುವ ಒಬ್ಬ ಸ್ಥಳೀಯರೂ ಇರುತ್ತಿದ್ದರು. ಪರದೆಯಲ್ಲಿ ಬಂದವರ ಹೆಸರೇನು, ಅವರದು ಯಾವ ಊರು ಎಂಬುದು ನೋಡುವವರ ಮೊದಲ ಪ್ರಶ್ನೆಯಾಗಿತ್ತು. ನಂಬಬಹುದಾದವರೇ ಎಂದು ತಿಳಿದ ಮೇಲೆ ಗೊಬ್ಬರದ ಮಾತು.

ಈಗ ನನ್ನ ಅನುಮಾನಕ್ಕೆ ಬರುತ್ತೇನೆ. ಕರ್ನಾಟಕದ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅರ್ಥಶಾಸ್ತ್ರಜ್ಞರಾದ ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಒಂದು ಅಧ್ಯಯನ ನಡೆಸಿದರು. 140 ಕೇಂದ್ರಗಳಲ್ಲಿ ಬೆರಳಚ್ಚು ಹಾಜರಾತಿ ಯಂತ್ರ ಇಡಲಾಯಿತು. ದಾದಿಯರು, ಪ್ರಯೋಗಾಲಯ ಸಿಬ್ಬಂದಿ ಮೊದಲಾದವರ ಹಾಜರಾತಿ ಸುಧಾರಿಸಿತು. ವೈದ್ಯರ ಹಾಜರಾತಿ ಕದಲಲಿಲ್ಲ. ಯಂತ್ರ ಎಲ್ಲರಿಗೂ ಒಂದೇ, ಬೆರಳೂ ಎಲ್ಲರಿಗೂ ಇದೆ. ಆದರೆ ಗೈರಾದ ವೈದ್ಯರ ಮೇಲೆ ಕ್ರಮ ಕೈಗೊಂಡರೆ ಅವರು ಕೆಲಸ ಬಿಟ್ಟೇ ಹೋಗುತ್ತಾರೆ, ಹಳ್ಳಿಗೆ ಇನ್ನೊಬ್ಬರು ಸಿಗುವುದಿಲ್ಲ ಎಂಬ ಅಂಜಿಕೆ ಸರ್ಕಾರಕ್ಕೆ. ಹಾಗಾಗಿ ಯಂತ್ರದ ವರದಿ ಮೇಲೆ ಹೋದಂತೆಲ್ಲ ಮೆತ್ತಗಾಯಿತು.

ನಗರದಲ್ಲೂ ಹಾಗೆಯೇ ಎಂದು ನನಗೆ ಕಾಣುತ್ತದೆ. ಸವಾರ ಗೆರೆ ದಾಟಿದ್ದಕ್ಕೆ ಕ್ಯಾಮೆರಾ ಇದೆ, ಗೆರೆಯನ್ನೇ ಎಳೆಯದವರಿಗೆ ಇಲ್ಲ. ರಸ್ತೆಯಲ್ಲಿ ಕಸ ಎಸೆದವರ ವಿಡಿಯೊ ತೆಗೆದು, 2025ರ ಅಕ್ಟೋಬರ್ ಕೊನೆಯಲ್ಲಿ ಅವರ ಮನೆ ಬಾಗಿಲಿಗೇ ಕಸ ಸುರಿದು ದಂಡ ಹಾಕಲಾಯಿತು. ಊರೆಲ್ಲ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಕಸದ ಗಾಡಿ ನಾಲ್ಕು ದಿನ ಬಾರದ ಬೀದಿಯವರಿಗೆ ಆ ಕಸವನ್ನು ಎಲ್ಲಿ ಸುರಿಯುವ ಅಧಿಕಾರವಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಗುಂಡಿ ತೋರಿಸಲು ನಾಗರಿಕರಿಗೆ ಆ್ಯಪ್ ಕೊಟ್ಟಿದ್ದಾರೆ, ಗುಂಡಿ ಬಿದ್ದ ರಸ್ತೆಗೆ ಬಿಲ್ ಮಂಜೂರು ಮಾಡಿದವರ ಮೊಬೈಲ್‌ಗೆ ಚಿತ್ರ ಸಮೇತ ದಂಡದ ಸಂದೇಶ ಹೋದದ್ದನ್ನು ನಾನು ಕೇಳಿಲ್ಲ. ಜನರನ್ನು ತಿದ್ದುವ ಯಂತ್ರಗಳನ್ನು ಸುಲಭವಾಗಿ ಕೈಗೆ ಸಿಗುವವರ ಕಡೆಗೆ ತಿರುಗಿಸುತ್ತೇವೆ. ಕೆಳಗಿದ್ದವರು ಕ್ಯಾಮೆರಾ ಚೌಕಟ್ಟಿನಲ್ಲಿ ಸರಿಯಾಗಿ ಕೂರುತ್ತಾರೆ, ಮೇಲಿದ್ದವರ ತಲೆ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಮರದ ಹಿಂದಿನ ಪೊಲೀಸರ ಸಂಧಾನವನ್ನು ಕ್ಯಾಮೆರಾ ನಿಲ್ಲಿಸಿತು ಎಂದೆನಲ್ಲ, ಆ ಒಂದು ಕಡೆ ಯಂತ್ರ ಆಳುವವರ ಕೈಯನ್ನೂ ಕಟ್ಟಿಹಾಕಿತ್ತು. ನಾನು ಅದನ್ನು ಹೆಚ್ಚಿನ ಸಾಧನೆ ಎಂದದ್ದು ಅದಕ್ಕೇ.

ಆ ಮೊದಲ ಸಿಗ್ನಲ್ ದಾಟಿದರೆ ನಮ್ಮ ಬೀದಿ. ಮಳೆಗಾಲದಲ್ಲಿ ಅಲ್ಲಿ ತಿರುವಿನಲ್ಲೇ ಒಂದು ಗುಂಡಿ ಬಿದ್ದಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು, ಜಾಗ ಗುರುತಿಸಿ ದೂರು ಕೊಟ್ಟೆ. ಮೂರನೇ ದಿನ ‘ನಿಮ್ಮ ದೂರು ಇತ್ಯರ್ಥವಾಗಿದೆ, ಧನ್ಯವಾದ’ ಎಂಬ ಸಂದೇಶ ಬಂತು, ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆಯೂ ಬಂತು. ಕೆಳಗಿಳಿದು ಹೋಗಿ ನೋಡಿದೆ. ಗುಂಡಿ ಇದ್ದಲ್ಲೇ ಇತ್ತು, ಸ್ವಲ್ಪ ಅಗಲವಾಗಿತ್ತು. ಅದರೊಳಗೆ ಯಾರೋ ಹೊಂಗೆಯ ಕೊಂಬೆಯೊಂದನ್ನು ನೆಟ್ಟು, ತುದಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ಎದುರಿನ ಇಸ್ತ್ರಿ ಗಾಡಿಯವರ ಕೆಲಸ ಇರಬೇಕು, ಬಟ್ಟೆಯ ಅಂಚು ಸುಟ್ಟಿತ್ತು. ಹತ್ತು ನಿಮಿಷ ಅಲ್ಲೇ ನಿಂತೆ. ಬಂದ ಸ್ಕೂಟರ್, ಆಟೊ, ಕಾರು ಎಲ್ಲವೂ ಕೊಂಬೆ ಕಂಡೊಡನೆ ನಿಧಾನಿಸಿ, ಪಕ್ಕಕ್ಕೆ ಸರಿದು, ಮುಂದೆ ಹೋದವು. ಅಷ್ಟು ಹೊತ್ತಿನಲ್ಲಿ ಕಂಬದ ಕಡೆಗೆ ಯಾರೂ ನೋಡಲಿಲ್ಲ.